ತುತ್ತತುದಿಯಲ್ಲಿ ಅರಳುವ ಕೊಡೆ: ನೀರಿನ ರಾಕೆಟ್‌ಗೆ ಕೀ ಕೊಡುವ ಟೈಮರ್

ಪ್ಲಾಸ್ಟಿಕ್ ಬಾಟಲಿಗೆ ಸ್ವಲ್ಪ ನೀರು ಹಾಕಿ, ಪಂಪಿನಿಂದ ಗಾಳಿ ಒತ್ತಿ ಹಾರಿಸುವುದೇ ನೀರಿನ ರಾಕೆಟ್. ನಮ್ಮ ಮೊದಲ ಮೂರು ನೀರಿನ ರಾಕೆಟ್‌ಗಳು ಕೊಯ್ಲಾದ ಗದ್ದೆಯಲ್ಲಿ ಮೂತಿ ಹೂತುಕೊಂಡೇ ಪ್ರಾಣ ಬಿಟ್ಟವು. ಪ್ಯಾರಾಚೂಟ್ ಇರಲಿಲ್ಲವೆಂದಲ್ಲ. ತುದಿಯ ಟೊಪ್ಪಿಗೆ ತಾನಾಗಿ ಕಳಚಿಕೊಳ್ಳಲಿ ಎಂದು ಅದನ್ನು ಸಡಿಲವಾಗಿ ಕೂರಿಸಿದ್ದೆವು. ಅದು ಒಮ್ಮೆ ಏರುವಾಗಲೇ ಕಳಚಿತು, ಎರಡು ಸಲ ಕಳಚಲೇ ಇಲ್ಲ. ಟೊಪ್ಪಿಗೆಯನ್ನು ನಂಬುವುದು ಬಿಟ್ಟು ಸಮಯವನ್ನು ನಂಬಿದ ಮೇಲೆಯೇ ರಾಕೆಟ್ ಇಡಿಯಾಗಿ ಕೈಗೆ ಬರತೊಡಗಿತು.

ಸರಿಯಾದ ಹೊತ್ತಿಗೆ ಪ್ಯಾರಾಚೂಟ್ ಬಿಡುವ ಈ ಟೈಮರ್‌ಗೆ ಬ್ಯಾಟರಿ, ಸರ್ಕ್ಯೂಟ್ ಯಾವುದೂ ಬೇಡ. ಜಾತ್ರೆಯಲ್ಲಿ ಸಿಗುವ, ಕೀ ಕೊಟ್ಟರೆ ಕುಪ್ಪಳಿಸುವ ಪ್ಲಾಸ್ಟಿಕ್ ಕಪ್ಪೆಯೋ ಕೋಳಿಮರಿಯೋ ಸಾಕು. ಮೇಲಿನ ಚಿಪ್ಪು ತೆಗೆದರೆ ಒಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಹಲ್ಲುಚಕ್ರಗಳ ಡಬ್ಬಿ ಸಿಗುತ್ತದೆ. ಆಟಿಕೆ ಓಡುವಾಗ ಕೀ ಕೂಡ ನಿಧಾನವಾಗಿ ಹಿಂದಕ್ಕೆ ತಿರುಗುವಂಥದ್ದನ್ನೇ ಆರಿಸಿಕೊಳ್ಳಿ. ಅರ್ಧ ಸುತ್ತಿಗೆ ನಾಲ್ಕೈದು ಸೆಕೆಂಡ್ ತೆಗೆದುಕೊಂಡರೆ ಒಳ್ಳೆಯದು. ಅದಕ್ಕಿಂತ ಅವಸರದ್ದಾದರೆ ಬೇರೆ ಆಟಿಕೆ ನೋಡಿ.

ಇನ್ನು ಎಷ್ಟು ಸೆಕೆಂಡ್ ಎಂಬ ಲೆಕ್ಕ. ತುದಿಗೆ ದಪ್ಪ ಸ್ಪಂಜು ಕಟ್ಟಿ, ಉತ್ತ ಹೊಲದಲ್ಲಿ ಒಮ್ಮೆ ಪ್ಯಾರಾಚೂಟ್ ಇಲ್ಲದೆ ಹಾರಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿ. ಹೊರಟ ಕ್ಷಣದಿಂದ ತುತ್ತತುದಿ ಮುಟ್ಟುವವರೆಗಿನ ಸಮಯವೇ ನಿಮಗೆ ಬೇಕಾದದ್ದು. ಎರಡು ಲೀಟರ್ ಬಾಟಲಿಗೆ ಅದು ಸಾಮಾನ್ಯವಾಗಿ ಮೂರು ಸೆಕೆಂಡಿನ ಆಸುಪಾಸು ಇರುತ್ತದೆ.

ಈ ಲೆಕ್ಕ ಕೂದಲೆಳೆಯಷ್ಟು ನಿಖರವಾಗಿರಬೇಕೆಂದು ತಲೆ ಕೆಡಿಸಿಕೊಳ್ಳಬೇಡಿ. ತುದಿಯಲ್ಲಿ ರಾಕೆಟ್ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅರ್ಧ ಸೆಕೆಂಡ್ ತಡವಾದರೂ ಅದು ಬಿದ್ದಿರುವುದು ಬರೀ 1.2 ಮೀಟರ್. ಒಂದು ಸೆಕೆಂಡಿಗೆ ಐದು ಮೀಟರ್. ಎರಡು ಸೆಕೆಂಡ್ ತಡವಾದಾಗಲೇ ಇಪ್ಪತ್ತು ಮೀಟರ್ ಇಳಿದು, ಪ್ಯಾರಾಚೂಟಿನ ದಾರ ಕೀಳುವಷ್ಟು ವೇಗ ಬಂದಿರುತ್ತದೆ. ನಾನು ಕಂಡ ಹೆಚ್ಚಿನ ಸೋಲುಗಳಲ್ಲಿ ಟೈಮರಿನ ತಪ್ಪಿರಲಿಲ್ಲ. ಪ್ಯಾರಾಚೂಟ್ ಹೊರಬರಬೇಕಾದ ಬಾಗಿಲು ತೆರೆದಿತ್ತು, ಪ್ಯಾರಾಚೂಟ್ ಮಾತ್ರ ಒಳಗೇ ಕೂತಿತ್ತು.

ಆದ್ದರಿಂದ ಬಾಗಿಲಿಗೆ ಹೆಚ್ಚು ಸಮಯ ಕೊಡಿ. ಇನ್ನೊಂದು ಬಾಟಲಿಯ ನಡುಭಾಗ ಕತ್ತರಿಸಿ, ಗಾಳಿ ತುಂಬುವ ಬಾಟಲಿಯ ಮೇಲೆ ಟೇಪಿನಿಂದ ಅಂಟಿಸಿ. ಪ್ಯಾರಾಚೂಟ್ ಕೂರುವ ಕೋಣೆ ಇದೇ. ಗಾಳಿ ತುಂಬುವ ಬಾಟಲಿಗೆ ತೂತು ಕೊರೆಯಬಾರದು, ಬಿಸಿ ಅಂಟು ತಾಗಿಸಬಾರದು. ಬಿಸಿ ತಗುಲಿದ ಜಾಗದಲ್ಲೇ ಅದು ಒಡೆಯುತ್ತದೆ. ಮೇಲಿನ ಕೋಣೆಯ ಪಕ್ಕದಲ್ಲಿ ಅಂಗೈಯಗಲದ ಬಾಗಿಲನ್ನು ಮೂರು ಬದಿ ಕತ್ತರಿಸಿ, ನಾಲ್ಕನೆಯ ಬದಿ ಕೀಲಿನಂತೆ ಮಡಚಲು ಬಿಡಿ. ಒಳಗೆ, ಬಾಗಿಲಿಗೆ ಎದುರಾಗಿ, ಬಾಟಲಿಯಿಂದಲೇ ಕತ್ತರಿಸಿದ ಎರಡು ಬೆರಳಗಲದ ಪಟ್ಟಿಯನ್ನು ಬಿಲ್ಲಿನಂತೆ ಬಗ್ಗಿಸಿ ಅಂಟಿಸಿ. ಪ್ಯಾರಾಚೂಟನ್ನು ಹೊರಕ್ಕೆ ನೂಕುವುದು ಈ ಬಿಲ್ಲೇ.

ಬಾಗಿಲಿನ ಪಕ್ಕದಲ್ಲಿ ಆಟಿಕೆಯ ಹಲ್ಲುಚಕ್ರಗಳ ಡಬ್ಬಿಯನ್ನು ಒಳಗಿನಿಂದ ಕೂರಿಸಿ, ಕೀ ಹೊರಗೆ ಇಣುಕುವಂತೆ ತೂತು ಮಾಡಿ. ಕೀಗೆ ಒಂದು ಇಂಚಿನ ನುಣುಪಾದ ತಂತಿಯನ್ನು ಗಡಿಯಾರದ ಮುಳ್ಳಿನ ಹಾಗೆ ಬಿಗಿಯಿರಿ. ರಬ್ಬರ್ ಬ್ಯಾಂಡಿನ ಒಂದು ತುದಿ ಬಾಗಿಲಿನ ಆಚೆ ಬದಿಯಲ್ಲಿ ಭದ್ರವಾಗಿರಲಿ. ಬ್ಯಾಂಡನ್ನು ಬಾಗಿಲಿನ ಮೇಲಿಂದ ಎಳೆದು ತಂದು ಇನ್ನೊಂದು ತುದಿಯನ್ನು ಮುಳ್ಳಿನ ಬುಡಕ್ಕೆ ಸಿಕ್ಕಿಸಿ. ಮುಳ್ಳು ಬಾಗಿಲಿಗೆ ಬೆನ್ನು ಮಾಡಿರುವವರೆಗೆ ಬ್ಯಾಂಡ್ ಜಾರುವುದಿಲ್ಲ. ಮುಳ್ಳು ತಿರುಗುತ್ತಾ ಬಾಗಿಲಿನ ಕಡೆಗೆ ಮುಖ ಮಾಡಿದೊಡನೆ ಬ್ಯಾಂಡ್ ಜಾರಿ, ಬಾಗಿಲು ಫಟ್ಟನೆ ತೆರೆಯುತ್ತದೆ. ಮುಳ್ಳನ್ನು ಎಲ್ಲಿಂದ ಹೊರಡಿಸುತ್ತೀರಿ ಎಂಬುದೇ ಸಮಯ. ಮೇಜಿನ ಮೇಲೆ ಹತ್ತು ಸಲವಾದರೂ ಪರೀಕ್ಷಿಸಿ, ಸ್ಕೆಚ್ ಪೆನ್ನಿನಿಂದ ಗುರುತು ಹಾಕಿ. ಪ್ರತಿ ಸಲವೂ ಕೀಯನ್ನು ಅಷ್ಟೇ ಸುತ್ತು ಕೊಡಿ, ಇಲ್ಲವಾದರೆ ವೇಗ ಬದಲಾಗುತ್ತದೆ.

ಟೈಮರ್ ಶುರುವಾಗುವುದು ರಾಕೆಟ್ ಹೊರಟಾಗಲೇ ಆಗಬೇಕಲ್ಲ? ಆಟಿಕೆಯ ಕಾಲು ಜೋಡಿಸಿದ್ದ ಪುಟ್ಟ ಕಡ್ಡಿ ಅಲುಗದಂತೆ, ನೇರ ಮಾಡಿದ ಪೇಪರ್ ಕ್ಲಿಪ್ಪೊಂದನ್ನು ಕೋಣೆಯ ಗೋಡೆಯ ತೂತಿನಿಂದ ತೂರಿಸಿ ತಡೆಯಿರಿ. ಕ್ಲಿಪ್ಪಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೆಲದ ಗೂಟಕ್ಕೆ ಬಿಗಿಯಿರಿ. ರಾಕೆಟ್ ಮೇಲೆದ್ದು ದಾರ ಬಿಗಿಯಾದೊಡನೆ ಕ್ಲಿಪ್ ಕೆಳಗುಳಿಯುತ್ತದೆ, ಹಲ್ಲುಚಕ್ರ ಗುರ್ರೆಂದು ಓಡುತ್ತದೆ.

ಪ್ಯಾರಾಚೂಟಿಗೆ ತೆಳುವಾದ ಕಸದ ಚೀಲ ಸಾಕು. 60 ಸೆಂಟಿಮೀಟರ್ ಅಗಲದ ಎಂಟು ಮೂಲೆಯ ಹಾಳೆ ಕತ್ತರಿಸಿ, ಮೂಲೆಗಳಿಗೆ ಟೇಪ್ ಹಚ್ಚಿ, ಅಷ್ಟೇ ಉದ್ದದ ಎಂಟು ದಾರ ಕಟ್ಟಿ. 200 ಗ್ರಾಂ ರಾಕೆಟ್ ಇದರಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ವೇಗದಲ್ಲಿ ಇಳಿಯುತ್ತದೆ. ಮಡಚುವ ಮೊದಲು ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಪ್ಲಾಸ್ಟಿಕ್ ಒಂದಕ್ಕೊಂದು ಮೆತ್ತಿಕೊಳ್ಳುವುದಿಲ್ಲ. ರಾತ್ರಿಯೇ ಮಡಚಿಟ್ಟರೆ ಮಡಿಕೆ ಕೂತುಬಿಡುತ್ತದೆ, ಹಾರಿಸುವ ಹೊತ್ತಿಗೇ ಮಡಚಿ.

ಸೋಡಾ, ಕೋಲಾದಂಥ ಗ್ಯಾಸ್ ತುಂಬಿದ ಪಾನೀಯದ ಬಾಟಲಿಯನ್ನಷ್ಟೇ ಬಳಸಿ, ಕುಡಿಯುವ ನೀರಿನ ಬಾಟಲಿ ಒತ್ತಡ ತಡೆಯದು. ಮೂರನೇ ಒಂದು ಭಾಗ ನೀರು, ಮಾಪಕವಿರುವ ಸೈಕಲ್ ಪಂಪಿನಿಂದ 60 ಪಿಎಸ್‌ಐ (ಮಾಪಕ ತೋರಿಸುವ ಒತ್ತಡದ ಅಳತೆ) ಮೀರದ ಗಾಳಿ. ಹತ್ತು ಮೀಟರ್ ದೂರದಿಂದ ಹಗ್ಗ ಎಳೆದು ಹಾರಿಸಿ. ಮಕ್ಕಳು ಇನ್ನೂ ಹಿಂದೆ ನಿಲ್ಲಲಿ, ಹತ್ತಿರದಲ್ಲಿ ವಿದ್ಯುತ್ ತಂತಿ ಇರಬಾರದು. ಗಾಳಿ ತುಂಬುವ ಮೊದಲೇ ಕ್ಲಿಪ್ ಕೂತಿದೆಯೇ, ಮುಳ್ಳು ಗುರುತಿನ ಮೇಲಿದೆಯೇ, ದಾರ ಸುತ್ತಿಕೊಂಡಿಲ್ಲ ತಾನೆ ಎಂದು ಬೆರಳಿಟ್ಟು ನೋಡಿಕೊಳ್ಳಿ. ಒತ್ತಡ ತುಂಬಿದ ಮೇಲೆ ರಾಕೆಟ್ ಬಳಿ ಹೋಗುವಂತಿಲ್ಲ. ಏನಾದರೂ ಮರೆತಿದ್ದರೆ ದೂರದಿಂದಲೇ ಗಾಳಿ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿ.