ಬುಡ ಬಿಗಿದರೆ ಜಡೆ ಕೆಟ್ಟಿತು: ನಾಟ್‌ಲೆಸ್ ಬ್ರೇಡ್ ಹೆಣೆಯುವ ಕ್ರಮ

ಜಡೆ ಹಾಕಿಸಿಕೊಂಡ ರಾತ್ರಿ ಹಣೆ ಬಿಗಿದು ಹುಬ್ಬು ಎತ್ತಲಾಗುತ್ತಿಲ್ಲ, ದಿಂಬಿಗೆ ತಲೆಯಿಡಲು ನೋವಿನ ಮಾತ್ರೆ ಬೇಕಾಗಿದೆ ಎಂದರೆ ಹೆಣೆದವರು ತಪ್ಪು ಮಾಡಿದ್ದಾರೆ. ‘ಎರಡು ದಿನ ಹಾಗೇ ಇರುತ್ತೆ, ಆಮೇಲೆ ಸಡಿಲವಾಗುತ್ತೆ’ ಎಂಬ ಸಮಾಧಾನವನ್ನು ನಂಬಬೇಡಿ. ಆ ಎರಡು ದಿನದಲ್ಲಿ ಸಡಿಲವಾಗುವುದು ಜಡೆಗಿಂತ ಹೆಚ್ಚಾಗಿ ಕೂದಲಿನ ಬುಡ. ಹೀಗೆ ಎಳೆತದಿಂದ ಹಣೆಯಂಚಿನ ಕೂದಲು ಉದುರುವುದನ್ನು ಚರ್ಮವೈದ್ಯರು ಟ್ರಾಕ್ಷನ್ ಅಲೋಪೇಸಿಯಾ ಎನ್ನುತ್ತಾರೆ. ಬೇಗ ಎಚ್ಚೆತ್ತರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ನಡೆದರೆ ಬೇರಿರುವ ಜಾಗವೇ ಗಾಯಗಟ್ಟಿ ಮುಚ್ಚಿಹೋಗುತ್ತದೆ.

ಆಫ್ರಿಕನ್ ಮೂಲದವರ ಸುರುಳಿಗೂದಲಿಗೆ ಜಡೆ ಅಲಂಕಾರವೂ ಹೌದು, ರಕ್ಷಣೆಯೂ ಹೌದು. ಸ್ಪ್ರಿಂಗಿನಂತೆ ಸುತ್ತಿದ ಕೂದಲಿನ ಪ್ರತಿ ತಿರುವೂ ಮುರಿಯಬಹುದಾದ ಜಾಗ. ನೆತ್ತಿಯ ಜಿಡ್ಡು ಆ ತಿರುವುಗಳನ್ನು ದಾಟಿ ತುದಿಗೆ ಇಳಿಯುವುದಿಲ್ಲವಾದ್ದರಿಂದ ತುದಿ ಸದಾ ಒಣಗಿರುತ್ತದೆ. ದಿನವೂ ಬಾಚಿದರೆ ಬೆಳೆದಷ್ಟೂ ತುಂಡಾಗುತ್ತದೆ. ಆರು ವಾರ ಬಾಚಣಿಗೆ ಸೋಕದಂತೆ ಹೆಣೆದಿಟ್ಟರೆ ಉಳಿಯುತ್ತದೆ. ಕಾರ್ನ್‌ರೋ (ಮುಸುಕಿನ ಜೋಳದ ಸಾಲಿನಂತೆ ನೆತ್ತಿಗಂಟಿದ ಜಡೆ), ಫುಲಾನಿ ಬ್ರೇಡ್, ಸೆನೆಗಲೀಸ್ ಟ್ವಿಸ್ಟ್ ಎಲ್ಲದರ ಲೆಕ್ಕಾಚಾರವೂ ಇದೇ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ನಮ್ಮ ಸಿದ್ದಿ ಸಮುದಾಯದಲ್ಲೂ ಇಂಥ ಸುರುಳಿಗೂದಲಿನವರು ಅನೇಕರಿದ್ದಾರೆ. ನೇರ ಕೂದಲಿಗೆಂದು ಬರೆದ ಸಲಹೆಗಳು ಅವರಿಗೂ ಒಗ್ಗುವುದಿಲ್ಲ.

ಈಗ ಎಲ್ಲರೂ ಕೇಳುವುದು ನಾಟ್‌ಲೆಸ್ ಬಾಕ್ಸ್ ಬ್ರೇಡ್ (ನೆತ್ತಿಯನ್ನು ಚೌಕಗಳಾಗಿ ಭಾಗಿಸಿ ಹೆಣೆಯುವ, ಬುಡದಲ್ಲಿ ಗಂಟಿಲ್ಲದ ಬಿಡಿಬಿಡಿ ಜಡೆ). ಹಳೆಯ ಬಾಕ್ಸ್ ಬ್ರೇಡಿನಲ್ಲಿ ಚವರಿಯನ್ನು ಬುಡದಲ್ಲೇ ಗಂಟಿನಂತೆ ಸುತ್ತಿ ಶುರುಮಾಡುತ್ತಾರೆ. ಮೊದಲ ದಿನದಿಂದಲೇ ಪೂರ್ತಿ ಭಾರ ಬೇರಿನ ಮೇಲೆ. ನಾಟ್‌ಲೆಸ್‌ನಲ್ಲಿ ಮೊದಲು ಸ್ವಂತ ಕೂದಲನ್ನಷ್ಟೇ ಹೆಣೆದು, ಚವರಿಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ಹೋಗುತ್ತಾರೆ. ಬುಡ ಚಪ್ಪಟೆಯಾಗಿ ಮಲಗುತ್ತದೆ, ಅಂದೇ ಜುಟ್ಟು ಕಟ್ಟಬಹುದು. ಸ್ವಂತ ಕೂದಲು ಎಳೆದು ಹಿಡಿದಾಗ 8 ಸೆಂಟಿಮೀಟರಿಗಿಂತ ಗಿಡ್ಡವಿದ್ದರೆ ಮಾತ್ರ ಇದರ ಗೊಡವೆ ಬೇಡ, ಜಾರಿಹೋಗುತ್ತದೆ.

ಕೊಳ್ಳುವಾಗ

ಮಧ್ಯಮ ಗಾತ್ರದ ಜಡೆ ಸೊಂಟದವರೆಗೆ ಬೇಕಿದ್ದರೆ ಪ್ರೀ-ಸ್ಟ್ರೆಚ್ಡ್ (ತುದಿಗಳನ್ನು ಮೊದಲೇ ಎಳೆದು ಮೊನಚು ಮಾಡಿದ) ಚವರಿ 6ರಿಂದ 8 ಪ್ಯಾಕೆಟ್ ಬೇಕು. ಪ್ಯಾಕೆಟ್ ಮೇಲಿನ 52 ಇಂಚು ಬಿಡಿಸಿದಾಗಿನ ಉದ್ದ. ಮಡಚಿ ಹೆಣೆಯುವುದರಿಂದ ಕೈಗೆ ಸಿಗುವುದು 26 ಇಂಚು. ಇದು ತಿಳಿಯದೆ ಕೊಂಡವರ ಸೊಂಟದ ಜಡೆ ಬೆನ್ನಿನ ಅರ್ಧಕ್ಕೇ ನಿಲ್ಲುತ್ತದೆ. ಬಣ್ಣದ ಸಂಖ್ಯೆ 1 ಎಂದರೆ ಕಾಡಿಗೆ ಕಪ್ಪು, 1ಬಿ ಎಂದರೆ ಸಹಜ ಕಪ್ಪು. ಹೆಚ್ಚಿನವರ ಕೂದಲಿಗೆ ಹೊಂದುವುದು 1ಬಿ. ‘ಪ್ರೀ-ಸ್ಟ್ರೆಚ್ಡ್’ ಎಂದು ಬರೆದಿಲ್ಲದ ಪ್ಯಾಕೆಟ್ ಅಗ್ಗವಾಗಿ ಸಿಗುತ್ತದೆ, ಕೊಳ್ಳಬೇಡಿ. ತುದಿಗಳನ್ನು ಕೈಯಿಂದ ಎಳೆದೆಳೆದು ಮೊನಚು ಮಾಡುವುದರಲ್ಲೇ ಒಂದೆರಡು ಗಂಟೆ ಹೋಗುತ್ತದೆ.

ಬ್ರೇಡಿಂಗ್ ಚವರಿ ಬಹುಪಾಲು ಕನೆಕಲಾನ್‌ನಂಥ ಮೋಡಾಕ್ರಿಲಿಕ್ ಎಂಬ ಕೃತಕ ನೂಲು. ಕುತ್ತಿಗೆ, ಕಿವಿಯ ಹಿಂದೆ ಕೆರೆತ ಬರುವುದು ಅದರ ಮೇಲಿನ ಲೇಪದಿಂದ. ಹಿಂದಿನ ದಿನ 1 ಪಾಲು ಆಪಲ್ ಸೈಡರ್ ವಿನೆಗರ್‌ಗೆ 4 ಪಾಲು ನೀರು ಬೆರೆಸಿ, ರಬ್ಬರ್ ಬ್ಯಾಂಡ್ ಬಿಚ್ಚದೆ ಅರ್ಧ ಗಂಟೆ ನೆನೆಹಾಕಿ. ನೀರಿನ ಮೇಲೆ ಬಿಳಿ ಪೊರೆ ತೇಲುತ್ತದೆ. ತೊಳೆದು ನೇತುಹಾಕಿ ಒಣಗಿಸಿ. ಇದರಿಂದ ಕೆರೆತ ಕಡಿಮೆಯಾಗುತ್ತದೆ, ನೂಲಿನೊಳಗಿನದು ಹೋಗುವುದಿಲ್ಲ: ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ 2025ರಲ್ಲಿ ಇಂಥ 10 ಕೃತಕ ಚವರಿಗಳನ್ನು ಪರೀಕ್ಷಿಸಿದಾಗ 9ರಲ್ಲಿ ಸೀಸ ಸಿಕ್ಕಿತ್ತು. ಹಾಗೆಂದು ಮನುಷ್ಯರ ಕೂದಲಿಗೆ ಹಾರಬೇಡಿ. ತಿರುಮಲದಲ್ಲಿ ನಮ್ಮವರು ಮುಡಿ ಕೊಟ್ಟ ಕೂದಲು ಹರಾಜಾಗಿ ವಿಗ್, ವೀವ್ (ಸ್ವಂತ ಕೂದಲಿಗೆ ಹೊಲಿದು ಸೇರಿಸುವ ಕೂದಲು)ಗಳಾಗಿ ಹೊರದೇಶಗಳನ್ನು ಸೇರುವುದು ನಿಜ. ಆದರೆ ನುಣುಪಾದ ಆ ಕೂದಲು ಸುರುಳಿಗೂದಲಿನ ಮೇಲೆ ಹಿಡಿತವಿಲ್ಲದೆ ಜಾರುತ್ತದೆ, ಬೆಲೆಯೂ ಹಲವು ಪಟ್ಟು. ಬೋಹೊ ಬ್ರೇಡಿನಲ್ಲಿ ಇಳಿಬಿಡುವ ಗುಂಗುರು ಎಳೆಗಳಿಗೆ ಮಾತ್ರ ಅದೇ ಇರಲಿ. ಅಲ್ಲಿ ಕೃತಕ ಎಳೆ ಹಾಕಿದರೆ ವಾರದೊಳಗೆ ಹಕ್ಕಿಗೂಡಾಗುತ್ತದೆ.

ತೊಳೆದು ಒಣಗಿಸಿ, ಬೈತಲೆ ತೆಗೆಯುವುದು

ಶ್ಯಾಂಪೂ, ಡೀಪ್ ಕಂಡೀಷನರ್, ಸ್ವಲ್ಪ ಲೀವ್-ಇನ್ (ತೊಳೆಯದೆ ಹಾಗೇ ಬಿಡುವ ಕಂಡೀಷನರ್). ಆಮೇಲೆ ಮಧ್ಯಮ ಬಿಸಿಯ ಡ್ರೈಯರಿನಿಂದ ಕೂದಲನ್ನು ನೀಟಾಗಿ ಉದ್ದ ಮಾಡಿಕೊಳ್ಳಿ. ಕೂದಲು ಪೂರಾ ಒಣಗಿರಲೇಬೇಕು. ಒದ್ದೆ ಕೂದಲು ಹಿಗ್ಗಿರುತ್ತದೆ. ಹಾಗೇ ಹೆಣೆದರೆ ಒಣಗುತ್ತಾ ಕುಗ್ಗಿ ಜಡೆ ತಾನಾಗಿ ಬುಡವನ್ನು ಎಳೆಯುತ್ತದೆ. ಸುರುಳಿಯನ್ನು ನೇರ ಮಾಡುವ ರಾಸಾಯನಿಕ ರಿಲ್ಯಾಕ್ಸರ್ ಹಾಕಿದ ಕೂದಲಾದರೆ ಕನಿಷ್ಠ ಎರಡು ವಾರ ತಡೆಯಿರಿ.

ಬೈತಲೆಗೆ ಲೋಹದ ಬಾಲವಿರುವ ಇಲಿಬಾಲದ ಬಾಚಣಿಗೆ ಬೇಕು, ಪ್ಲಾಸ್ಟಿಕ್ಕಿನದು ಬಳುಕಿ ಗೆರೆ ಸೊಟ್ಟಗಾಗುತ್ತದೆ. ಹಿಂಗತ್ತಿನಿಂದ ಶುರುಮಾಡಿ ಮೇಲೇರಿ. ಚೌಕಗಳು ಸುಮಾರು 2.5 ಸೆಂಟಿಮೀಟರ್. ಇಟ್ಟಿಗೆ ಗೋಡೆಯಂತೆ, ಕೆಳಸಾಲಿನ ಎರಡು ಚೌಕದ ನಡುಗೆರೆಯ ಮೇಲೆ ಮೇಲಿನ ಸಾಲಿನ ಚೌಕ ಕೂರಲಿ. ಒಂದರ ಮೇಲೊಂದು ನೇರ ಕೂತರೆ ತಲೆ ಅಲುಗಿದಾಗಲೆಲ್ಲ ಬಿಳಿ ಓಣಿಗಳು ಕಾಣುತ್ತವೆ. ಹಣೆಯಂಚಿನ ಎಳೆಗೂದಲನ್ನು ಜಡೆಗೆ ಸೇರಿಸಲೇಬೇಡಿ, ಹೊರಗಿರಲಿ. ಅಂಚಿನ ಸಾಲಿಗೆ ಚವರಿ ಉಳಿದದ್ದರ ಅರ್ಧದಷ್ಟು ಸಾಕು. ಅಲ್ಲಿ ದಪ್ಪ ಜಡೆ ಕೇಳುವ ಗಿರಾಕಿಗೆ ಇಲ್ಲವೆನ್ನುವುದೇ ಒಳ್ಳೆಯ ಸಲೂನಿನ ಲಕ್ಷಣ.

ಬುಡದ ಮೊದಲ ಎರಡು ಅಂಗುಲ

ಎಲ್ಲರೂ ಎಡವುವುದು ಇಲ್ಲಿ. ಉಳಿದ ಇಪ್ಪತ್ತು ಇಂಚು ಮಾಮೂಲಿ ಮೂರೆಳೆ ಜಡೆ, ಶಾಲೆಯ ಹುಡುಗಿಯೂ ಹೆಣೆಯುತ್ತಾಳೆ.

ಮೊದಲು ಚವರಿ ಸಿದ್ಧವಿರಲಿ. ಒಂದೊಂದು ಜಡೆಗೆ ಮೂರು ಕಂತು: ಮೊದಲನೆಯದು ಹೊಲಿಗೆ ದಾರದ ಐದಾರು ಎಳೆಯಷ್ಟು ತೆಳು, ಎರಡನೆಯದು ಅದರ ಎರಡರಷ್ಟು, ಮೂರನೆಯದು ಉಳಿದದ್ದೆಲ್ಲ. ಇವನ್ನು ಮೊದಲೇ ಬೇರ್ಪಡಿಸಿ ಕುರ್ಚಿಯ ಬೆನ್ನಿಗೆ ನೇತುಹಾಕಿ. ಹೆಣೆಯುತ್ತಾ ಒಂದು ಕೈಯಲ್ಲಿ ಚವರಿ ಹರಿಯಲು ಹೋದರೆ ಇನ್ನೊಂದು ಕೈ ತನಗೇ ಗೊತ್ತಿಲ್ಲದಂತೆ ಬುಡವನ್ನು ಹಿಡಿದೆಳೆಯುತ್ತದೆ. ಅರ್ಧ ನೋವಿಗೆ ಕಾರಣ ಇದೇ.

ಚೌಕದ ಅಂಚುಗಳಿಗೆ ಬಟಾಣಿ ಕಾಳಿನಷ್ಟು ಬ್ರೇಡಿಂಗ್ ಜೆಲ್ ಸವರಿ. (ಜೆಲ್ ಮತ್ತು ಲೀವ್-ಇನ್ ಎರಡನ್ನೂ ಮುಂಗೈ ಮೇಲೆ ಉಜ್ಜಿ ನೋಡಿ. ಬಿಳಿ ಉಂಡೆ ಕಟ್ಟಿದರೆ ತಲೆಯಲ್ಲೂ ಕಟ್ಟುತ್ತದೆ, ಹೊಟ್ಟಿನಂತೆ ಕಾಣುತ್ತದೆ. ಒಣಗಿದ ಮೇಲೆ ಕಡ್ಡಿಯಾಗುವ ಜೆಲ್ ಎಷ್ಟೇ ಹೊಳೆದರೂ ಬೇಡ.) ಕೂದಲನ್ನು ಮೂರು ಸಮ ಎಳೆ ಮಾಡಿ. ಸಮ ಎಂದರೆ ನಿಜವಾಗಿ ಸಮ. ಒಂದು ಎಳೆ ತೆಳುವಾದರೆ ಅದು ನಡುದಾರಿಯಲ್ಲೇ ಮುಗಿದು, ಅಲ್ಲಿಂದ ಸ್ವಂತ ಕೂದಲು ಹೊರಗಿಣುಕುತ್ತದೆ.

ಜಡೆ ಕೊನೆಗೆ ಎತ್ತ ಬೀಳಬೇಕೋ ಅತ್ತಲೇ ಹಿಡಿದು ಹೆಣೆಯಿರಿ. ಮುಂದಲೆಯ ಜಡೆಯನ್ನು ಹಿಂದಕ್ಕೆ ಜಗ್ಗಿ ಶುರುಮಾಡಿ ಆಮೇಲೆ ಕೆನ್ನೆಯ ಪಕ್ಕಕ್ಕೆ ಬಿಟ್ಟರೆ ಬುಡ ಮಡಚಿಕೊಂಡು ಒಂದು ಬದಿಯ ಕೂದಲಿಗಷ್ಟೇ ಎಲ್ಲ ಭಾರ ಬೀಳುತ್ತದೆ. ಬಲದ ಎಳೆಯನ್ನು ನಡುವಿನದರ ಕೆಳಗಿಂದ ತನ್ನಿ, ಎಡದ್ದನ್ನೂ ಹಾಗೆಯೇ. ಬೆರಳು ನೆತ್ತಿಗೆ ತಾಗಿಕೊಂಡಿರಲಿ: ಹಿಡಿತ ಬರುವುದು ಬೆರಳು ಬುಡಕ್ಕೆ ಹತ್ತಿರ ಇರುವುದರಿಂದ, ತೋಳಿನ ಬಲದಿಂದಲ್ಲ. ಹೀಗೆ ಮೂರು ಅಥವಾ ನಾಲ್ಕು ಹೆಣಿಗೆ, ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್, ಬರೀ ಸ್ವಂತ ಕೂದಲು.

ಈಗ ಮೊದಲ ಕಂತು. ತೆಳು ಎಳೆಯನ್ನು ಮಡಚಿ, ಮಡಿಕೆಯನ್ನು ನಡುವಿನ ಎಳೆಗೂ ಪಕ್ಕದ ಎಳೆಗೂ ನಡುವಿನ ಕವಲಿನಲ್ಲಿ, ಹಿಂಬದಿಯಿಂದ ಕೂರಿಸಿ. ಒಂದು ಅರ್ಧ ನಡುವಿನದಕ್ಕೆ, ಇನ್ನೊಂದು ಅರ್ಧ ಪಕ್ಕದ್ದಕ್ಕೆ ಸೇರುತ್ತದೆ. ತಕ್ಷಣ ಒಂದು ಹೆಣಿಗೆ ಹಾಕಿದರೆ ಮಡಿಕೆ ಬೀಗ ಬಿದ್ದಂತೆ ನಿಲ್ಲುತ್ತದೆ. ಬೀಗ ಬೀಳುವ ಮುನ್ನ ಎಳೆದರೆ ಜಡೆಯ ಮೇಲೊಂದು ಕುಣಿಕೆ ಎದ್ದು ಕಾಣುತ್ತದೆ, ಅದನ್ನು ಕತ್ತರಿಸಿ ಮುಚ್ಚಿಡಲಾಗದು. ಬಿಚ್ಚಿ ಮತ್ತೆ ಹಾಕಿ. ಎರಡು ಹೆಣಿಗೆಯಾದ ಮೇಲೆ ಎರಡನೇ ಕಂತು ಎದುರು ಬದಿಯ ಕವಲಿಗೆ. ಮತ್ತೆರಡು ಹೆಣಿಗೆ ಬಿಟ್ಟು ಮೂರನೆಯದು, ಆಗ ಯಾವ ಎಳೆ ತೆಳುವಾಗಿ ಕಾಣುತ್ತದೋ ಅದಕ್ಕೆ. ಈ ಹೊತ್ತಿಗೆ ಮೂರೂ ಎಳೆ ಸಮ ದಪ್ಪವಾಗಿರಬೇಕು.

ಆತುರದವರು ಎಲ್ಲ ಚವರಿಯನ್ನೂ ಒಂದೇ ಕಂತಿನಲ್ಲಿ ತುರುಕುತ್ತಾರೆ. ಬುಡ ಸಣ್ಣ, ಕೆಳಗೆ ಥಟ್ಟನೆ ದಪ್ಪ, ಹಾವು ಕಪ್ಪೆ ನುಂಗಿದಂತೆ. ನೋಟ ಹೋಗಲಿ, ಪೂರ್ತಿ ಭಾರ ನಾಲ್ಕು ಹೆಣಿಗೆಯಷ್ಟು ಸ್ವಂತ ಕೂದಲಿನಿಂದ ತೂಗುತ್ತದೆ. ಅದು ಜಾರೀತೆಂಬ ಭಯಕ್ಕೆ ಬುಡವನ್ನು ಇನ್ನಷ್ಟು ಬಿಗಿಯುತ್ತಾರೆ. ಗಂಟಿಲ್ಲದ ಜಡೆ ಗಂಟಿನದಕ್ಕಿಂತ ಹೆಚ್ಚು ನೋಯುವುದು ಹೀಗೆ. ಇನ್ನೊಂದು ತಪ್ಪು, ಚವರಿಯನ್ನು ತೀರ ತಡವಾಗಿ ಸೇರಿಸುವುದು: ಆರೇಳು ಹೆಣಿಗೆ ಬರೀ ಸ್ವಂತ ಕೂದಲಾದರೆ ಎರಡನೇ ವಾರಕ್ಕೇ ಬುಡ ಕೆದರಿ ತಿಂಗಳು ಹಳೆಯದಾದಂತೆ ಕಾಣುತ್ತದೆ.

ಪ್ರತಿ ಜಡೆ ಮುಗಿದಾಗಲೂ ಅದನ್ನು ಮೇಲೆ, ಕೆಳಗೆ, ಎರಡೂ ಬದಿಗೆ ಬಾಗಿಸಿ ನೋಡಿ. ನೆತ್ತಿಯ ಚರ್ಮ ಡೇರೆಯಂತೆ ಮೇಲೇಳಬಾರದು. ಬುಡದ ಸುತ್ತ ಬಿಳಿ ಗುಳ್ಳೆ ಕಂಡರೆ ಆಗಲೇ ಬಿಚ್ಚಿ. ಅರವತ್ತರಿಂದ ತೊಂಬತ್ತು ಜಡೆ ಆಗುತ್ತವೆ, ಒಬ್ಬರೇ ಹೆಣೆದರೆ ಐದಾರು ಗಂಟೆ; ಕೊನೆಯ ಗಂಟೆಯಲ್ಲಿ, ಕೈ ಸೋತು ಹಿಡಿತ ಒರಟಾದಾಗ, ಸರದಿ ಬರುವುದು ಹಣೆಯಂಚಿನ ನಾಜೂಕು ಸಾಲಿಗೆ. ಅದಕ್ಕೇ ಮುಂದಿನ ಎರಡು ಸಾಲನ್ನು ಊಟವಾಗಿ ಕೈ ಸುಧಾರಿಸಿಕೊಂಡ ಮೇಲೆ ಹೆಣೆಯಿರಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಚವರಿಯೇ ಬೇಡ, ಸ್ವಂತ ಕೂದಲಿನ ಜಡೆಗೆ ಮಣಿ ಪೋಣಿಸಿದರೆ ಸಾಕಷ್ಟು ಚೆಂದ.

ತುದಿಗೆ ಬಿಸಿನೀರು

ಕುದಿ ಇಳಿದ ನೀರನ್ನು ಅಗಲ ಮಗ್ಗಿಗೆ ಹಾಕಿ, ಹೆಗಲಿಗೆ ದಪ್ಪ ಟವೆಲ್ ಹೊದಿಸಿ, ಜಡೆಗಳನ್ನು ಹಿಡಿಹಿಡಿಯಾಗಿ 10–15 ಸೆಕೆಂಡ್ ಅದ್ದಿ ಒತ್ತಿ ಒರೆಸಿ. ತುದಿ ಬಿಚ್ಚಿಕೊಳ್ಳುವುದಿಲ್ಲ. ಬೆನ್ನ ಮೇಲೆ ನೀರು ಸುರಿಯುವುದು, ಲೈಟರಿನಿಂದ ತುದಿ ಸುಡುವುದು ಎರಡೂ ಬೇಡ. ಸುಟ್ಟ ತುದಿ ಗಾಜಿನ ಚೂರಿನಂತಾಗಿ ಬಟ್ಟೆ, ಚರ್ಮ ಎರಡನ್ನೂ ಗೀಚುತ್ತದೆ. ಕೂದಲಿಗೆ ಹಚ್ಚುವ ನೊರೆಯಂಥ ಮೌಸ್ ಹಚ್ಚಿ, ಬಟ್ಟೆ ಸುತ್ತಿ 20 ನಿಮಿಷ ಬಿಡಿ.

ಇರುವಷ್ಟು ದಿನ

ಮಲಗುವಾಗ ಸ್ಯಾಟಿನ್ ಬಾನೆಟ್ (ತಲೆಗವಸು). ನವಿರಾದ ಹಳೆಯ ರೇಷ್ಮೆ ಸೀರೆಯ ತುಂಡೂ ಆದೀತು, ಹತ್ತಿ ಬಟ್ಟೆ ಮಾತ್ರ ಬೇಡ, ತೇವ ಹೀರುತ್ತದೆ. ಎರಡು ವಾರಕ್ಕೊಮ್ಮೆ ನೀರು ಬೆರೆಸಿದ ಶ್ಯಾಂಪೂವನ್ನು ಮೂತಿಯಿರುವ ಬಾಟಲಿಯಿಂದ ನೆತ್ತಿಗಷ್ಟೇ ಹಾಕಿ, ಬೆರಳ ತುದಿಯಿಂದ ತಿಕ್ಕಿ ತೊಳೆಯಿರಿ. ಬುಡದಲ್ಲಿ ತೇವ ಉಳಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ, ಡ್ರೈಯರ್ ಬಳಸಿ. ನಮ್ಮ ಕಡೆಯ ಪದ್ಧತಿಯಂತೆ ಕೊಬ್ಬರಿ ಎಣ್ಣೆ ಸುರಿದು ತಟ್ಟಬೇಡಿ. ಎಣ್ಣೆ, ಜೆಲ್, ಧೂಳು ಸೇರಿ ಬುಡದಲ್ಲಿ ಬೂದು ಮೇಣ ಕಟ್ಟುತ್ತದೆ. ವಾರಕ್ಕೆರಡು ಸಲ ನಾಲ್ಕು ಹನಿ ಸಾಕು.

ಬಿಚ್ಚುವುದು

ಆರು ವಾರ, ಹೆಚ್ಚೆಂದರೆ ಎಂಟು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಿಗೆ ಜಡೆಯ ಭಾರವೆಲ್ಲ ಆ ಎರಡು ಸೆಂಟಿಮೀಟರ್ ಬಿಡಿಗೂದಲಿನ ಮೇಲೆ ತಿರುಚುತ್ತಾ ತೂಗಾಡುತ್ತದೆ. ‘ಇಷ್ಟು ದುಡ್ಡು ಕೊಟ್ಟಿದ್ದೇನೆ, ಮೂರು ತಿಂಗಳು ಇರಲಿ’ ಎನ್ನುವವರು ಉಳಿಸಿದ ದುಡ್ಡಿಗೆ ಕೂದಲು ತೆರುತ್ತಾರೆ.

ಸ್ವಂತ ಕೂದಲಿನ ತುದಿ ಎಲ್ಲಿದೆಯೆಂದು ಬೆರಳಲ್ಲಿ ಹಿಚುಕಿ ಗುರುತಿಸಿ, ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಕತ್ತರಿಸಿ ಬಿಚ್ಚುತ್ತಾ ಬನ್ನಿ. ಬುಡದಲ್ಲಿ ಧೂಳು, ಜೆಲ್ಲಿನ ಬೂದು ಉಂಗುರ ಕಾಣುತ್ತದೆ. ಅದಕ್ಕೆ ಎಣ್ಣೆ ಅಥವಾ ಜಾರುವ ಕಂಡೀಷನರ್ ಹಚ್ಚಿ, ಬೆರಳಿನಿಂದ ಅಗಲಿಸಿ, ಒಣಗಿರುವಾಗಲೇ ಪೂರ್ತಿ ಬಿಡಿಸಿ. ಹಾಗೇ ನೀರಿಗಿಳಿದರೆ ಆ ಉಂಗುರ ಕಂಬಳಿಯಂತೆ ಗಟ್ಟಿಯಾಗಿ, ಕತ್ತರಿಯೇ ಗತಿಯಾಗುತ್ತದೆ. ಕೈತುಂಬ ಉದುರಿದ ಕೂದಲು ಬಂದರೆ ಗಾಬರಿ ಬೇಡ: ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ, ಆರು ವಾರದ್ದು ಜಡೆಯೊಳಗೇ ಸಿಕ್ಕಿಕೊಂಡಿರುತ್ತದೆ. ತುದಿಯಲ್ಲಿ ಬಿಳಿ ಚುಕ್ಕೆಯಿರುವ ಉದ್ದ ಎಳೆಗಳು ತಾನಾಗಿ ಉದುರಿದವು. ಗಿಡ್ಡ, ಚುಕ್ಕೆಯಿಲ್ಲದ ತುಂಡುಗಳೇ ಹೆಚ್ಚಿದ್ದರೆ ಮುರಿದಿದೆ ಎಂದರ್ಥ. ಮುಂದಿನ ಸಲ ಚವರಿ ಕಡಿಮೆ ಮಾಡಿ. ಆರು ಭಾಗ ಮಾಡಿ ತುದಿಯಿಂದ ಮೇಲಕ್ಕೆ ಬಾಚಿ, ಭಾಗಗಳನ್ನು ಸಡಿಲವಾಗಿ ತಿರುವಿಕೊಂಡೇ ತೊಳೆಯಿರಿ. ಮತ್ತೆ ಹೆಣೆಸುವ ಮುನ್ನ ಎರಡು ವಾರ ಬಿಡುವು ಕೊಡಿ. ಹಣೆಯಂಚು ತೆಳುವಾಗಿರುವುದು ಕಂಡರೆ ಅಲ್ಲಿ ಕೂದಲು ತುಂಬುವವರೆಗೂ ಚವರಿಯ ಜಡೆ ಬೇಡ.