ಯುಪಿಎಸ್ ಡಬ್ಬಿ ಬಿಚ್ಚುವಾಗ ‘ಚಟ್’ ಎಂದರೆ ಹೆದರಬೇಕೇ?

ಸಂಕ್ರಾಂತಿ ದಾಟಿತೆಂದರೆ ಹುಬ್ಬಳ್ಳಿ–ಧಾರವಾಡದ ಗಾಳಿ ಒಣಗತೊಡಗುತ್ತದೆ. ಗದಗದ ಕಡೆ ಇನ್ನೂ ಜಾಸ್ತಿ. ಸ್ವೆಟರ್ ಕಳಚಿದರೆ ಚಟಪಟ, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಕಬ್ಬಿಣದ ಗೇಟು ಮುಟ್ಟಿದರೆ ಚಟ್. ಮಕ್ಕಳ ಪರೀಕ್ಷೆ ಹತ್ತಿರ ಬರುವುದೂ ಇದೇ ಹೊತ್ತಿಗೆ. ಕರೆಂಟ್ ಕೈಕೊಟ್ಟೀತು ಎಂದು ಕೊಪ್ಪಿಕರ್ ರಸ್ತೆಗೋ ಸುಭಾಸ ರಸ್ತೆಗೋ ಹೋಗಿ ಯುಪಿಎಸ್ ತರುತ್ತೇವೆ. ಮನೆಗೆ ಬಂದು ಡಬ್ಬಿ ಬಿಚ್ಚಿ ಥರ್ಮಾಕೋಲ್ ಎಳೆಯುವಾಗ ಬೆರಳಿಗೆ ಚಟ್ ಎನ್ನುತ್ತದೆ. ಆಗ ಶುರುವಾಗುತ್ತದೆ ಅನುಮಾನ: ಒಳಗಿನ ಸರ್ಕ್ಯೂಟ್ ಹೋಯಿತೇ?

ಹೋಗಿರುವುದಿಲ್ಲ. ಮುಚ್ಚಿದ ಯುಪಿಎಸ್‌ಗೆ ಈ ಚಟ್‌ನಿಂದ ಅಪಾಯ ತೀರಾ ಕಡಿಮೆ. ಆದರೆ ಯುಪಿಎಸ್ ಕೂರಿಸುವಾಗ ಇನ್ನೂ ಎರಡು ಥರದ ‘ಹೊಡೆತ’ ಎದುರಾಗಬಹುದು. ಮೂರನ್ನೂ ಜನ ಸ್ಟ್ಯಾಟಿಕ್ ಎಂದೇ ಅಂದುಕೊಳ್ಳುತ್ತಾರೆ. ಅದರಲ್ಲಿ ಒಂದನ್ನು ಹಾಗೆ ತಳ್ಳಿಹಾಕಿದರೆ ಜೀವಕ್ಕೇ ಕುತ್ತು.

ಮೊದಲು ಸ್ಟ್ಯಾಟಿಕ್ ಎಂದರೇನು ಎಂಬುದನ್ನು ನೋಡೋಣ. ಎರಡು ಬೇರೆ ಬೇರೆ ವಸ್ತುಗಳು ಒಂದಕ್ಕೊಂದು ತಾಗಿ ಬೇರೆಯಾದಾಗ ಒಂದರ ಎಲೆಕ್ಟ್ರಾನ್‌ಗಳು ಇನ್ನೊಂದಕ್ಕೆ ಹೋಗಿ ಕೂರುತ್ತವೆ. ಗಾಳಿಯಲ್ಲಿ ತೇವ ಇದ್ದರೆ ವಸ್ತುವಿನ ಮೇಲೆ ತೆಳುವಾಗಿ ನೀರಿನ ಪಸೆ ಇರುತ್ತದೆ, ಅದರ ಮೂಲಕ ಈ ಚಾರ್ಜ್ ಸದ್ದಿಲ್ಲದೆ ಹರಿದುಹೋಗುತ್ತದೆ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಯಾರಿಗೂ ಚಟ್ ಎನ್ನದಿರುವುದು ಇದಕ್ಕೇ. ನೆಲಹಾಸಿನ ಮೇಲೆ ನಡೆಯುವಾಗ ಮೈಮೇಲೆ ಎಷ್ಟು ವೋಲ್ಟ್ ಸೇರಬಹುದು ಎಂಬುದಕ್ಕೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಒಂದು ಲೆಕ್ಕವಿದೆ: ಗಾಳಿಯ ತೇವಾಂಶ ಶೇ 65ರಿಂದ 90ರಷ್ಟಿದ್ದರೆ 1,500 ವೋಲ್ಟ್, ಶೇ 10ರಿಂದ 20ಕ್ಕೆ ಇಳಿದರೆ 35,000 ವೋಲ್ಟ್‌ವರೆಗೆ. ಗದಗದ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಣ ಹವೆಯಲ್ಲಿ ಕಾಗದದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಎಷ್ಟು ಕಾಟ ಕೊಡುತ್ತವೆ ಎಂಬುದು ಅವರಿಗೇ ಗೊತ್ತು.

35,000 ವೋಲ್ಟ್ ಎಂದರೆ ಎದೆ ಧಸಕ್ಕೆನ್ನುತ್ತದೆ. ಆದರೆ ವೋಲ್ಟ್ ಒಂದನ್ನೇ ನೋಡಿ ಹೆದರಬೇಡಿ. ನಿಮ್ಮ ಮೈಮೇಲೆ 10,000 ವೋಲ್ಟ್ ಇದ್ದಾಗಲೂ ಆ ಕಿಡಿಯ ಶಕ್ತಿ ಸುಮಾರು 5 ಮಿಲಿಜೌಲ್, ಅಂದರೆ ಒಂದು ಜೌಲ್‌ನ ಇನ್ನೂರನೇ ಒಂದು ಭಾಗ. ಯುಪಿಎಸ್ ಹೊಟ್ಟೆಯಲ್ಲಿರುವ 12 ವೋಲ್ಟ್, 7 ಆಂಪಿಯರ್ ಅವರ್‌ನ ಪುಟ್ಟ ಬ್ಯಾಟರಿಯಲ್ಲಿ ಇರುವುದು ಮೂರು ಲಕ್ಷ ಜೌಲ್. ಆರು ಕೋಟಿ ಪಟ್ಟು ಜಾಸ್ತಿ! ಭಯಪಡುವುದೇ ಆದರೆ ಯಾವುದಕ್ಕೆ ಪಡಬೇಕು ಹೇಳಿ.

ಹಾಗಾದರೆ ಸ್ಟ್ಯಾಟಿಕ್‌ನಿಂದ ಏನೂ ಹಾಳಾಗುವುದಿಲ್ಲವೇ? ಆಗುತ್ತದೆ. ಮನುಷ್ಯನಿಗೆ ಚುರುಕ್ ಎನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಬಿಡಿ ಚಿಪ್‌ಗಳಲ್ಲಿ ಕೆಲವು 100 ವೋಲ್ಟ್‌ಗೇ ಕೆಡುತ್ತವೆ, ಅದು ನಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಬರಿಗೈಯಲ್ಲಿ ಹಿಡಿಯುವ ರ‍್ಯಾಮ್, ಮದರ್‌ಬೋರ್ಡ್, ದೊಡ್ಡ ಯುಪಿಎಸ್‌ಗೆ ಹಾಕುವ ನೆಟ್‌ವರ್ಕ್ ಕಾರ್ಡ್ ಇವುಗಳ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಮುಚ್ಚಿದ ಯುಪಿಎಸ್‌ನ ಮಾತು ಬೇರೆ. ಸರ್ಕ್ಯೂಟ್ ಒಳಗೆ ಭದ್ರವಾಗಿದೆ. ಕೈ ತಾಗುವ ಜಾಗಗಳಿಗೆ ಸಾವಿರಾರು ವೋಲ್ಟ್ ಕಿಡಿ ಹೊಡೆದು ನೋಡುವ ಪರೀಕ್ಷೆಯೇ ಇದೆ. ಐಇಸಿ 61000-4-2 ಎಂಬುದು ಅದರ ಹೆಸರು.

ಈಗ ಬಿಚ್ಚುವ ಕೆಲಸ.

ಬಿಚ್ಚುವ ಜಾಗ

ಸಿಂಥೆಟಿಕ್ ಕಾರ್ಪೆಟ್ ಮೇಲೆ ಬೇಡ. ಶಹಾಬಾದ್ ಕಲ್ಲಿನ ನೆಲವೋ ಟೈಲ್ಸ್ ನೆಲವೋ ಆದರೆ ಒಳ್ಳೆಯದು. ಕೆಳಗೆ ಏನಾದರೂ ಹಾಸಲೇಬೇಕು ಎಂದರೆ ನವಲಗುಂದದ ಜಮಖಾನೆ ಹಾಸಿ, ಅದು ಹತ್ತಿಯದು. ಹತ್ತಿ ತೇವ ಹಿಡಿದಿಟ್ಟುಕೊಳ್ಳುತ್ತದೆ, ಚಾರ್ಜ್ ನಿಲ್ಲಲು ಬಿಡುವುದಿಲ್ಲ. ಮೈಮೇಲಿನ ಬಟ್ಟೆಗೂ ಇದೇ ಮಾತು. ನೈಲಾನ್ ಜರ್ಕಿನ್, ಉಣ್ಣೆ ಸ್ವೆಟರ್ ತೆಗೆದಿಡಿ. ಬೆಂಗೇರಿಯ ಖಾದಿ ಅಂಗಿ ಇದ್ದರೆ ಇವತ್ತು ಹಾಕಿಕೊಳ್ಳಿ, ಅದಕ್ಕೂ ಒಂದು ನೆಪ ಬೇಕಲ್ವಾ!

ಡಬ್ಬಿಯಿಂದ ಹೊರಕ್ಕೆ

ಟೇಪ್ ಕತ್ತರಿಸುವಾಗ ಬ್ಲೇಡ್ ಆಳಕ್ಕೆ ಇಳಿಸಬೇಡಿ, ವಾಯರ್ ಸಿಕ್ಕೀತು. 600 ವಿಎ ಯುಪಿಎಸ್ ನಾಲ್ಕೈದು ಕೆಜಿ ಇರುತ್ತದೆ, ಒಬ್ಬರೇ ಎತ್ತಬಹುದು. ಇನ್ವರ್ಟರ್‌ನ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿ ಮಾತ್ರ ಐವತ್ತು ಕೆಜಿ ದಾಟುತ್ತದೆ. ಅದನ್ನು ಇಬ್ಬರು ಹಿಡಿಯಬೇಕು, ವಾಲಿಸಬಾರದು, ಒಳಗೆ ಆ್ಯಸಿಡ್ ಇದೆ.

ಥರ್ಮಾಕೋಲ್ ಮತ್ತು ಪ್ಲಾಸ್ಟಿಕ್ ಕವರನ್ನು ಸರ್ರನೆ ಎಳೆಯಬೇಡಿ. ನಿಧಾನಕ್ಕೆ ತೆಗೆದಷ್ಟೂ ಚಾರ್ಜ್ ಕಡಿಮೆ. ತೆಗೆದ ಮೇಲೆ ಯುಪಿಎಸ್‌ನ ಲೋಹದ ಭಾಗ ಏನಾದರೂ ಹೊರಗೆ ಕಾಣುತ್ತಿದ್ದರೆ, ಸ್ಕ್ರೂ ಆದರೂ ಸರಿ, ಅದನ್ನು ಒಮ್ಮೆ ಮುಟ್ಟಿ. ಚಟ್ ಎಂದರೆ ಎನ್ನಲಿ. ನಿಮಗೂ ಅದಕ್ಕೂ ಇದ್ದ ವೋಲ್ಟ್ ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಹಿಂದಿರುವ ಯುಎಸ್‌ಬಿ, ಲ್ಯಾನ್ ಪೋರ್ಟ್‌ಗಳ ಪಿನ್‌ಗೆ ಮಾತ್ರ ಬೆರಳು ಹಾಕಬೇಡಿ. ಇಡೀ ಡಬ್ಬಿಯಲ್ಲಿ ನಾಜೂಕಾದ ಜಾಗ ಅದೊಂದೇ.

‘ಮೊದಲು ನಲ್ಲಿ ಮುಟ್ಟಿ ಬಾ’ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಕಬ್ಬಿಣದ ಪೈಪಿನ ಕಾಲಕ್ಕೆ ಅದು ಸರಿ ಇತ್ತು. ಈಗ ಎಲ್ಲರ ಮನೆಯಲ್ಲೂ ಪಿವಿಸಿ ಪೈಪು, ನಲ್ಲಿಗೂ ನೆಲಕ್ಕೂ ಸಂಬಂಧವೇ ಇಲ್ಲ. ಅದರ ಬದಲು ಸರಿಯಾದ ಅರ್ಥಿಂಗ್ ಇರುವ ಸಾಕೆಟ್‌ಗೆ ಪ್ಲಗ್ ಹಾಕಿಟ್ಟ ಕಂಪ್ಯೂಟರ್ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿದರೆ ಕೆಲಸ ಆಗುತ್ತದೆ.

ಬ್ಯಾಟರಿ ವಾಯರ್ ಸಿಕ್ಕಿಸುವಾಗಿನ ಕಿಡಿ

ಕೆಲವು ಯುಪಿಎಸ್‌ಗಳಲ್ಲಿ ಸಾಗಾಟದ ವೇಳೆ ತೊಂದರೆಯಾಗದಿರಲಿ ಎಂದು ಬ್ಯಾಟರಿಯ ಒಂದು ವಾಯರ್ ಬಿಡಿಸಿಟ್ಟಿರುತ್ತಾರೆ. ಕೆಳಗಿನ ಮುಚ್ಚಳ ತೆಗೆದು ಅದನ್ನು ನಾವೇ ಸಿಕ್ಕಿಸಬೇಕು. ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ತಾಗಿಸಿದ ಕೂಡಲೇ ಸಣ್ಣ ಕಿಡಿ ಹಾರಬಹುದು. ಬಹಳ ಜನ ಬೆಚ್ಚಿ ಕೈ ಹಿಂದೆಳೆಯುವುದು ಇಲ್ಲೇ. ಎರಡನೆಯ ‘ಹೊಡೆತ’ ಇದು. ಸ್ಟ್ಯಾಟಿಕ್ ಅಲ್ಲ, ಕೆಟ್ಟಿದೆ ಎಂದೂ ಅಲ್ಲ. ಒಳಗಿನ ಖಾಲಿ ಕೆಪಾಸಿಟರ್‌ಗಳು, ಅಂದರೆ ಚಾರ್ಜ್ ಹಿಡಿದಿಡುವ ಬಿಡಿಭಾಗಗಳು, ಒಮ್ಮೆಲೇ ತುಂಬಿಕೊಳ್ಳುವಾಗ ಹಾರುವ ಕಿಡಿ. ಅರೆಬರೆ ತಾಗಿಸುತ್ತ ಕೂರಬೇಡಿ, ಒಂದೇ ಸಲಕ್ಕೆ ಗಟ್ಟಿಯಾಗಿ ಒತ್ತಿ.

ಅದಕ್ಕೂ ಮುಂಚೆ ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಕೊರಳ ಸರ ಕೆಳಗೆ ಜೋತಾಡದಂತೆ ಒಳಗೆ ಸೇರಿಸಿ. ‘ಬರೇ 12 ವೋಲ್ಟ್ ಐತಲ್ರೀ’ ಎನ್ನುವವರಿದ್ದಾರೆ. 12 ವೋಲ್ಟ್‌ಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ಟರ್ಮಿನಲ್ ನಡುವೆ ಬಂಗಾರದ ಉಂಗುರವೋ ಪಾನಾವೋ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿಯುತ್ತದೆ. ಲೋಹ ಕೆಂಪಗೆ ಕಾದು ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಬ್ಯಾಟರಿ ಮುಚ್ಚಳ ಬಿಟ್ಟು ಬೇರೆ ಯಾವ ಸ್ಕ್ರೂ ಕೂಡ ಬಿಚ್ಚಬೇಡಿ. ಗೋಡೆಯಿಂದ ಪ್ಲಗ್ ಕಿತ್ತರೂ ಯುಪಿಎಸ್ ಬ್ಯಾಟರಿಯಿಂದಲೇ 230 ವೋಲ್ಟ್ ತಯಾರಿಸುತ್ತದೆ, ಅದರ ಕೆಲಸವೇ ಅದು. ಮೈಯ ಚಾರ್ಜನ್ನು ಅರ್ಥ್‌ಗೆ ಇಳಿಸಲು ಮಣಿಕಟ್ಟಿಗೆ ಕಟ್ಟುವ ಆಂಟಿಸ್ಟ್ಯಾಟಿಕ್ ರಿಸ್ಟ್ ಸ್ಟ್ರ್ಯಾಪ್ ಕಟ್ಟಿಕೊಂಡು ಯುಪಿಎಸ್ ಬಿಚ್ಚಲು ಹೋಗುವುದಂತೂ ಖಂಡಿತ ಬೇಡ. ಕಂಪ್ಯೂಟರ್ ರಿಪೇರಿಗೆ ಆ ಪಟ್ಟಿ ಚೆನ್ನ. ಕರೆಂಟ್ ಹರಿಯುವ ಕಡೆ ಅದು ನಿಮ್ಮ ಕೈಯನ್ನೇ ಅರ್ಥ್‌ಗೆ ಕಟ್ಟಿಡುತ್ತದೆ. ಒಳ್ಳೆಯ ಪಟ್ಟಿಯಲ್ಲಿ ಕರೆಂಟನ್ನು ತಡೆಹಿಡಿಯುವ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅದೂ ಇಲ್ಲದ ಅಗ್ಗದ ಪಟ್ಟಿಯಾದರೆ ಮುಗಿಯಿತು ಕಥೆ.

ಜುಮ್ ಎಂದರೆ ನಿಲ್ಲಿಸಿ

ಇದು ಮೂರನೆಯದು, ನಿಜವಾಗಿ ಹೆದರಬೇಕಾದದ್ದು. ಪ್ಲಗ್ ಹಾಕಿ ಸ್ವಿಚ್ ಒತ್ತಿದ ಮೇಲೆ ಯುಪಿಎಸ್‌ನ ಅಥವಾ ಅದಕ್ಕೆ ಜೋಡಿಸಿದ ಕಂಪ್ಯೂಟರ್‌ನ ಲೋಹ ಮುಟ್ಟಿದರೆ ‘ಜುಮ್’ ಎನ್ನುತ್ತದೆಯೇ? ಗುರುತು ಹಿಡಿಯುವುದು ಸುಲಭ. ಸ್ಟ್ಯಾಟಿಕ್ ಒಮ್ಮೆ ಚಟ್ ಎಂದು ಹೋಗಿಬಿಡುತ್ತದೆ. ತಕ್ಷಣ ಮತ್ತೆ ಮುಟ್ಟಿದರೆ ಏನೂ ಇರುವುದಿಲ್ಲ. ಆದರೆ ಮುಟ್ಟಿದಾಗಲೆಲ್ಲ ಜುಮ್ ಎನ್ನುತ್ತಿದ್ದರೆ ಅದು ಕರೆಂಟು. ಮತ್ತೆ ಮತ್ತೆ ಮುಟ್ಟಿ ನೋಡಬೇಡಿ. ಮೊದಲು ಸ್ವಿಚ್ ಆಫ್ ಮಾಡಿ.

ಕಂಪ್ಯೂಟರ್‌ನ ಪವರ್ ಸಪ್ಲೈನಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಕವಚಕ್ಕೆ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅರ್ಥಿಂಗ್ ಇದ್ದರೆ ಆ ಸಣ್ಣ ಸೋರಿಕೆ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಕವಚದ ಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಈ ಸೋರಿಕೆ ಜುಮ್ ಎನಿಸುವಷ್ಟಕ್ಕೇ ನಿಲ್ಲಬಹುದು. ಆದರೆ ನಿಮ್ಮ ಮನೆಯ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ ಎಂಬುದು ಅದರ ಅರ್ಥ. ನಾಳೆ ಫೇಸ್ ವಾಯರೇ ಕವಚಕ್ಕೆ ತಾಗಿದರೆ ಕಾಯುವವರು ಯಾರೂ ಇರುವುದಿಲ್ಲ.

ನಮ್ಮ ಎರೆ ಮಣ್ಣಿನ ಸೀಮೆಯಲ್ಲಿ ಈ ತೊಂದರೆ ಬೇಸಿಗೆಯಲ್ಲಿ ಹೆಚ್ಚು. ಒದ್ದೆ ಇದ್ದಾಗ ಎರೆ ಮಣ್ಣು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಒಣಗಿದಾಗ ಕುಗ್ಗಿ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಿ ಎಂದು ಹಳಬರು ಹೇಳುವುದು ಸುಮ್ನೆ ಅಲ್ಲ. ಥ್ರೀ ಪಿನ್ ಪ್ಲಗ್‌ನ ಮೇಲಿನ ದಪ್ಪ ಪಿನ್ನೇ ಅರ್ಥ್. ಅದನ್ನು ಮುರಿದು, ಅಥವಾ ಟೂ ಪಿನ್ ಅಡಾಪ್ಟರ್ ಸಿಕ್ಕಿಸಿ ಯುಪಿಎಸ್ ಹಾಕುವುದು ಬೇಡ. ಸಾಕೆಟ್‌ನಲ್ಲಿ ತೂತು ಇದೆ ಎಂದಮಾತ್ರಕ್ಕೆ ಹಿಂದೆ ವಾಯರ್ ಇದೆ ಎಂದಲ್ಲ, ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಟ್ಯೂಬುಲರ್ ಬ್ಯಾಟರಿ ಇದ್ದವರಿಗೆ

ಸ್ಟ್ಯಾಟಿಕ್‌ನ ಸಣ್ಣ ಕಿಡಿಯೂ ಲೆಕ್ಕಕ್ಕೆ ಬರುವ ಒಂದು ಜಾಗ ಇಲ್ಲಿದೆ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ 4 ಆದರೂ ಸಾಕು, ಹೊತ್ತಿಕೊಳ್ಳಬಲ್ಲದು. ಅದಕ್ಕೆ ಬೇಕಾದ ಕಿಡಿ ನಮ್ಮ ಕೈಯ ಚಟ್‌ಗಿಂತ ಎಷ್ಟೋ ಚಿಕ್ಕದು. ಆದ್ದರಿಂದ ಬ್ಯಾಟರಿಯ ಮೇಲಿನ ಧೂಳನ್ನು ಒಣ ಪಾಲಿಯೆಸ್ಟರ್ ಬಟ್ಟೆಯಿಂದ ಉಜ್ಜಬೇಡಿ. ಇನ್ವರ್ಟರ್ ಆಫ್ ಮಾಡಿ, ಹಿಂಡಿದ ಹತ್ತಿ ಬಟ್ಟೆಯಿಂದ ಒರೆಸಿ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಟ್ಟು ಬಾಗಿಲು ಮುಚ್ಚಿಬಿಡುವುದು, ದೀಪ ಉರಿಯುವ ದೇವರ ಕೋಣೆಯ ಪಕ್ಕ ಇಡುವುದು ಎರಡೂ ತಪ್ಪು.

ಉಳಿದದ್ದು ಸುಲಭ. ಮ್ಯಾನುಯಲ್ ಹೇಳಿದಷ್ಟು ಗಂಟೆ ಮೊದಲ ಚಾರ್ಜ್ ಮಾಡಿ. ಅದಕ್ಕೂ ಮುಂಚೆ ‘ಬ್ಯಾಕಪ್ ನಿಲ್ಲೂದಿಲ್ರೀ’ ಎಂದು ಅಂಗಡಿಗೆ ಓಡಬೇಡಿ. ಲೇಸರ್ ಪ್ರಿಂಟರ್, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ ಇದಕ್ಕೆ ಜೋಡಿಸಬೇಡಿ. ವಾರಂಟಿಗೆ ಕಳಿಸಬೇಕಾಗಿ ಬಂದರೆ ಡಬ್ಬಿ, ಥರ್ಮಾಕೋಲ್ ಬೇಕಾಗುತ್ತವೆ, ಕೆಲವು ದಿನ ಅಟ್ಟದ ಮೇಲಿರಲಿ. ಹಳೆಯ ಬ್ಯಾಟರಿ ಇದ್ದರೆ ಗುಜರಿಯವನಿಗೆ ಕೊಡಬೇಡಿ, ಅದರಲ್ಲಿ ಸೀಸ ಇದೆ. ಹೊಸದನ್ನು ಕೊಂಡ ಅಂಗಡಿಯಲ್ಲೇ ಕೊಡಿ, ಹಳೆಯದರ ಬೆಲೆಯನ್ನು ಬಿಲ್‌ನಲ್ಲಿ ಕಳೆಯಲು ಕೇಳಿ. ಹಳೆಯ ಬ್ಯಾಟರಿಗಳನ್ನು ವಾಪಸ್ ಪಡೆದು ಮರುಬಳಕೆ ಮಾಡಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೇ ಹೊರಿಸಿವೆ.