ಫಿಲೆಟ್ ಮೇಲೆ ಎಷ್ಟು ಎಲಿಮೆಂಟ್ ಬೇಕು?

ಲೋಡ್ ಬಿದ್ದಾಗ ಪಾರ್ಟ್ ಏನಾಗುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಲು (ಫೈನೈಟ್ ಎಲಿಮೆಂಟ್ ಅನಾಲಿಸಿಸ್) ಅದನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆಯಬೇಕು, ಆ ತುಂಡುಗಳ ಬಲೆಯೇ ಮೆಶ್. ಪಾರ್ಟ್ ಕೈಗೆ ಬಂದ ತಕ್ಷಣ ನಾನು ಮೆಶ್ ಬಟನ್ ಒತ್ತುವುದಿಲ್ಲ. ಲೋಡ್ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಅಂತ ಮೊದಲು ಕಾಗದದ ಮೇಲೆ ಗೆರೆ ಎಳೆದು ನೋಡುತ್ತೇನೆ. ಆ ದಾರಿ ತಿರುಗುವ ಕಡೆ, ಅಂದರೆ ಫಿಲೆಟ್‌ನಲ್ಲಿ (ದುಂಡಗೆ ಮಾಡಿದ ಒಳಮೂಲೆಯಲ್ಲಿ), ತೂತಿನ ಅಂಚಿನಲ್ಲಿ, ಸಣ್ಣ ಎಲಿಮೆಂಟ್ ಬೇಕು. ಉಳಿದ ಕಡೆ ದೊಡ್ಡವೇ ಸಾಕು. ಕೆತ್ತಿದ ಅಕ್ಷರ, ಲೋಡ್ ಹಾಯದ ಜಾಗದ ಪುಟ್ಟ ತೂತು, ಇವನ್ನೆಲ್ಲ ಮೊದಲೇ ತೆಗೆದುಬಿಡುತ್ತೇನೆ. ಕೆಟ್ಟ ಎಲಿಮೆಂಟ್ ಜಾಸ್ತಿ ಹುಟ್ಟುವುದು ಇವುಗಳ ಸುತ್ತಲೇ.

ಎಲ್ ಆಕಾರದ ಒಂದು ಬ್ರಾಕೆಟ್‌ನಲ್ಲಿ ಮಾಡಿದ್ದನ್ನು ಹೇಳುತ್ತೇನೆ. 6 ಮಿ.ಮೀ. ದಪ್ಪ, ಒಳಮೂಲೆಗೆ 3 ಮಿ.ಮೀ. ಫಿಲೆಟ್. 10 ನೋಡ್‌ನ ಟೆಟ್ ಆರಿಸಿಕೊಂಡೆ. ಟೆಟ್ ಅಂದರೆ ನಾಲ್ಕು ಮುಖದ ಎಲಿಮೆಂಟ್, ನೋಡ್ ಅಂದರೆ ಅದರ ಮೂಲೆಗಳಲ್ಲಿ, ಕೆಲವದರಲ್ಲಿ ಅಂಚಿನ ಮಧ್ಯದಲ್ಲೂ ಇರುವ ಬಿಂದು. 4 ನೋಡ್‌ನ ಟೆಟ್‌ನಲ್ಲಿ ಇಡೀ ಎಲಿಮೆಂಟ್‌ಗೆ ಸ್ಟ್ರೇನ್ (ಹಿಗ್ಗು-ಕುಗ್ಗಿನ ಪ್ರಮಾಣ) ಒಂದೇ. ಬಾಗುವ ಪಾರ್ಟ್‌ಗೆ ಅದನ್ನು ಹಾಕಿದರೆ ನಿಜಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ, ಸ್ಟ್ರೆಸ್ (ಪಾರ್ಟ್‌ನ ಒಳಗಿನ ಒತ್ತಡ) ಕಡಿಮೆ ತೋರಿಸುತ್ತದೆ.

ಫಿಲೆಟ್‌ನ ಕಾಲು ವೃತ್ತದ ಮೇಲೆ ಮೊದಲು 3 ಎಲಿಮೆಂಟ್ ಇಟ್ಟು ರನ್ ಮಾಡಿದೆ. ಆಮೇಲೆ 6, ಆಮೇಲೆ 12. ತುದಿಯ ಡಿಸ್‌ಪ್ಲೇಸ್‌ಮೆಂಟ್, ಅಂದರೆ ತುದಿ ಎಷ್ಟು ಜರುಗಿತು ಅನ್ನುವುದು, ಮೊದಲ ರನ್‌ನಲ್ಲೇ ಹೆಚ್ಚುಕಡಿಮೆ ನಿಂತಿತ್ತು, ಆಮೇಲೆ ಬದಲಾಗಲಿಲ್ಲ. ಸ್ಟ್ರೆಸ್ ಹಾಗಲ್ಲ, 6ಕ್ಕೆ ಹೋದಾಗ ಚೆನ್ನಾಗಿ ಏರಿತು, 12ಕ್ಕೆ ಹೋದಾಗ ಅಲ್ಲಾಡಲಿಲ್ಲ. ಡಿಸ್‌ಪ್ಲೇಸ್‌ಮೆಂಟ್ ಯಾವಾಗಲೂ ಬೇಗ ನಿಲ್ಲುತ್ತದೆ. ಅದೊಂದನ್ನೇ ನೋಡಿ ಮೆಶ್ ಆಯ್ತು ಅನ್ನಬಾರದು.

ಪ್ರತಿ ರನ್ ಆದಮೇಲೂ ಆವರೇಜಿಂಗ್ ಆಫ್ ಮಾಡಿ ಸ್ಟ್ರೆಸ್ ನೋಡುತ್ತೇನೆ. ಸುಮ್ನೆ ನೋಡಿದರೆ ಬಣ್ಣ ನುಣ್ಣಗೆ ಕಾಣುತ್ತದೆ, ಏಕೆಂದರೆ ಸಾಫ್ಟ್‌ವೇರ್ ಪಕ್ಕಪಕ್ಕದ ಎಲಿಮೆಂಟ್‌ಗಳ ಬೆಲೆಯನ್ನು ನೋಡ್‌ನಲ್ಲಿ ಸರಾಸರಿ ಮಾಡಿರುತ್ತದೆ. ಆಫ್ ಮಾಡಿದರೆ ನಿಜ ಗೊತ್ತಾಗುತ್ತದೆ. 3 ಎಲಿಮೆಂಟ್ ಇದ್ದಾಗ ಫಿಲೆಟ್ ಮೇಲೆ ಬಣ್ಣ ತುಂಡು ತುಂಡಾಗಿತ್ತು. 12ರಲ್ಲಿ ಅಂಚುಗಳು ಕೂಡಿಕೊಂಡಿದ್ದವು.

ಫಿಲೆಟ್ ತೆಗೆದು ಚೂಪು ಮೂಲೆ ಬಿಟ್ಟರೆ ಈ ಕೆಲಸ ನಡೆಯುವುದೇ ಇಲ್ಲ. ಲೀನಿಯರ್ ಲೆಕ್ಕದಲ್ಲಿ (ಲೋಡ್ ಏರಿದಷ್ಟೇ ಪ್ರಮಾಣದಲ್ಲಿ ಸ್ಟ್ರೆಸ್ ಏರುತ್ತದೆ ಅಂತ ಇಟ್ಟುಕೊಂಡ ಲೆಕ್ಕ) ಚೂಪು ಒಳಮೂಲೆಯ ಸ್ಟ್ರೆಸ್‌ಗೆ ಮಿತಿಯಿಲ್ಲ. ಮೆಶ್ ಸಣ್ಣದಾದಷ್ಟೂ ಏರುತ್ತಲೇ ಹೋಗುತ್ತದೆ.

ಇನ್ನು ಕ್ವಾಲಿಟಿ ಚೆಕ್. ಜೇಕೋಬಿಯನ್ (ಎಲಿಮೆಂಟ್‌ನ ಆಕಾರ ಎಷ್ಟು ಕೆಟ್ಟಿದೆ ಅಂತ ತೋರಿಸುವ ಸಂಖ್ಯೆ) ನೆಗೆಟಿವ್ ಬಂದರೆ ಸರಿ ಮಾಡಲೇಬೇಕು. ಮಧ್ಯದ ನೋಡ್‌ಗಳನ್ನು ಫಿಲೆಟ್‌ನ ಬಾಗಿಗೆ ಎಳೆದಾಗ ಎಲಿಮೆಂಟ್ ತಿರುಚಿಕೊಂಡು ಹೀಗಾಗುವುದುಂಟು, ಅಲ್ಲಿ ಇನ್ನಷ್ಟು ಸಣ್ಣ ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ. ಆಸ್ಪೆಕ್ಟ್ ರೇಷಿಯೋ ಕೆಟ್ಟಿರುವ, ಅಂದರೆ ಒಂದು ಕಡೆಗೆ ತೀರಾ ಉದ್ದವಾದ ಎಲಿಮೆಂಟ್ ಫಿಲೆಟ್‌ನಿಂದ ದೂರ ಇದ್ದರೆ ಬಿಟ್ಟುಬಿಡುತ್ತೇನೆ. ಕ್ವಾಲಿಟಿ ಚೆಕ್‌ನಲ್ಲಿ ಎಲ್ಲ ಎಲಿಮೆಂಟ್ ಹಸಿರು (ಪಾಸ್) ತೋರಿಸಿದರೂ ಫಿಲೆಟ್ ಮೇಲೆ 2 ಮಾತ್ರ ಇದ್ದರೆ ಆ ಉತ್ತರವನ್ನು ನಂಬುವುದಿಲ್ಲ.

ಹೊಸ ಸಾಫ್ಟ್‌ವೇರ್ ಸಿಕ್ಕಾಗ ಅದರ ಉತ್ತರ ಸರಿಯೇ ಅಂತ ತಿಳಿಯಲು ಮೊದಲು ನಡುವೆ ದುಂಡು ತೂತಿರುವ ಪ್ಲೇಟನ್ನು ಎರಡೂ ತುದಿಯಿಂದ ಜಗ್ಗುವ ಲೆಕ್ಕ ಮಾಡಿ ನೋಡುತ್ತೇನೆ. ಜರ್ಮನ್ ಇಂಜಿನಿಯರ್ ಕಿರ್ಶ್ 1898ರಲ್ಲೇ ಬಿಡಿಸಿದ ಲೆಕ್ಕ ಇದು: ತೂತಿನ ಅಂಚಿನಲ್ಲಿ ಸ್ಟ್ರೆಸ್, ತೂತಿನಿಂದ ದೂರದಲ್ಲಿ ಇರುವುದರ 3 ಪಟ್ಟು. ಪ್ಲೇಟ್‌ನ ಅಗಲ ತೂತಿನ ವ್ಯಾಸದ 10 ಪಟ್ಟಾದರೂ ಇರಲಿ, ಕಿರಿದಾದರೆ ಉತ್ತರ 3ರಿಂದ ದೂರ ಸರಿಯುತ್ತದೆ.